ಗಾಳಿಯ ಖಾತೆ

ಮಧುಗಿರಿಯ ಪಂಕ್ಚರ್ ಅಂಗಡಿಯಲ್ಲಿ ಲಾರಿ ಟೈರಿಗೆ ಗಾಳಿ ಹೊಡೆಯುವುದನ್ನು ನೋಡಿ ಮೊಮ್ಮಗ ಕೇಳಿದ: ‘ತಾತ, ಈ ಗಾಳಿಯನ್ನೇ ಸಿಲಿಂಡರಿಗೆ ತುಂಬಿ ಬೆನ್ನಿಗೆ ಕಟ್ಟಿಕೊಂಡ್ರೆ, ಸ್ಕೇಟ್ಸ್ ಮೇಲೆ ಕೊರಟಗೆರೆಗೆ ಹೋಗಬಹುದಾ?’

ಒಂದು ಬಲೂನು ಊದಿ ಕೈಬಿಟ್ಟೆ. ಗಾಳಿ ಹಿಂದಕ್ಕೆ, ಬಲೂನು ಮುಂದಕ್ಕೆ. ಇದೇ ನ್ಯೂಟನ್ನನ ಮೂರನೆಯ ನಿಯಮ. ಬಲೂನು ಹಗುರ, ಹಾರಿತು. ನಮ್ಮ ಹುಡುಗ 30 ಕಿಲೋ! ಒಂದು ಲೀಟರ್ ಗಾಳಿಯೋ ಸುಮಾರು 1.2 ಗ್ರಾಂ, ಹತ್ತು ಪಟ್ಟು ಒತ್ತಿ ತುಂಬಿದರೂ 12 ಗ್ರಾಂ. ಅದರ ತಳ್ಳು ಕ್ಷಣಮಾತ್ರ.

ಒತ್ತಿದ ಗಾಳಿಯೂ ಬ್ಯಾಂಕ್ ಖಾತೆಯಂತೆ. ಕಟ್ಟಿದ್ದಕ್ಕಿಂತ ಹೆಚ್ಚು ತೆಗೆಯಲಾಗದು. ಹೊಡೆಯುವಾಗ ಸೈಕಲ್ ಪಂಪು ಬಿಸಿಯಾಗುತ್ತದಲ್ಲ, ಅದು ಸೋರಿಹೋದ ಶಕ್ತಿ.

ಮಕ್ಕಳೇ, ಬಲೂನಿನ ಬಂಡಿ ಮಾಡಿ ಆಡಿ. ಬಾಟಲಿ, ಡಬ್ಬಿ, ಪೈಪುಗಳಿಗೆ ಮಾತ್ರ ಕಂಪ್ರೆಸರ್ ಗಾಳಿ ತುಂಬಬೇಡಿ. ಸಿಡಿದರೆ ಇಡೀ ಖಾತೆ ಒಂದೇ ಏಟಿಗೆ ಖಾಲಿ. ಚೂರುಗಳು ಕಣ್ಣನ್ನೇ ಕಳೆಯಬಹುದು.