ಬಾದಾಮಿಯ ಬಂಡೆ, ಕಂಚಿಯ ಕಂಬ

ಬಿಸಿಲು ಇನ್ನೂ ಎಳೆಯದು. ಬಾದಾಮಿಯ ಗುಡ್ಡದ ನೆತ್ತಿ ಕೆಂಪಗೆ ಹೊಳೆಯುತ್ತಿದೆ, ಬುಡದಲ್ಲಿ ಮಾತ್ರ ತಣ್ಣನೆ ನೆರಳು. ಮೊಮ್ಮಗಳು ಎರಡೆರಡು ಮೆಟ್ಟಿಲು ಹಾರುತ್ತಾ ಮುಂದೆ, ಮೊಣಕಾಲು ಹಿಡಿದುಕೊಂಡು ನಾನು ಹಿಂದೆ. ಚಾಲುಕ್ಯರೆಂದರೆ ಅವಳಿಗೆ ಈವರೆಗೆ ಬಾಯಿಪಾಠ ಮಾಡಿದ ಇಸವಿಗಳಷ್ಟೇ.

ಮೊದಲ ಗುಹೆಯ ಬಲಕ್ಕೆ ನಟರಾಜ. ಬೆರಳು ಚಾಚಿ ತೋಳು ಎಣಿಸುತ್ತಾಳೆ, ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿಂದ. "ಅಜ್ಜೀ, ಹದಿನೆಂಟು!" ಕೂಗು ಗುಹೆಯೊಳಗೆ ಗುಂಯ್‌ಗುಡುತ್ತದೆ. ಎಡಕ್ಕೆ ದ್ವಾರಪಾಲಕ. ಅವನ ಕೆಳಗಿನ ಕೆತ್ತನೆಯನ್ನು ತೋರಿಸಿ, "ಇದೇನು ಹೇಳು" ಎನ್ನುತ್ತೇನೆ. ಒಂದು ಕಣ್ಣು ಮುಚ್ಚಿ, ಅಂಗೈ ಅಡ್ಡ ಹಿಡಿದು ಒಂದು ಮೈ ಮರೆಮಾಡಿದರೆ ಆನೆ, ಇನ್ನೊಂದು ಮೈ ಮರೆಮಾಡಿದರೆ ಬಸವ. ಎರಡು ಮೈಗೂ ತಲೆ ಒಂದೇ. ಅಂಗೈ ಆಚೆ ಈಚೆ ಆಡುತ್ತಲೇ ಇದೆ. ಅವಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಮೂರನೆಯ ಗುಹೆ ದೊಡ್ಡದು. ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣುವಿನ ಮುಂದೆ ಅವಳ ಮಾತು ನಿಲ್ಲುತ್ತದೆ. ಚಾಲುಕ್ಯರ ಮಂಗಳೇಶ ಇದನ್ನು ಮಾಡಿಸಿದ್ದು 578ರಲ್ಲಿ. ಕಲ್ಲಿನ ಮೇಲೆ ಶಕವರ್ಷ 500 ಎಂದು ಬರೆಸಿದ್ದಾನೆ. ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು, ಬಟ್ಟೆ ಒಗೆಯುವ ಪಟಪಟ ಸದ್ದು. ಆ ಸದ್ದು ಬಂಡೆಗೆ ಬಡಿದು ಇಮ್ಮಡಿಯಾಗಿ ಮೇಲೇರುತ್ತದೆ.

ಕೆರೆಯ ಆಚೆ ದಂಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ನಮಗೆ ಮೊದಲು ಸಿಗುವುದು ಅಲ್ಲೇ. ಊರಿನ ಇನ್ನೊಂದು ಬಂಡೆಯ ಮೇಲಿನ ಬರಹ ಮಾತ್ರ ಗೆದ್ದು ಬಂದ ಶತ್ರುವಿನದು. ಹರ್ಷವರ್ಧನನನ್ನೇ ತಡೆದ ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿ, 642ರಲ್ಲಿ ವಾತಾಪಿಯನ್ನು, ಅಂದರೆ ಇದೇ ಬಾದಾಮಿಯನ್ನು, ಹಿಡಿದ ಪಲ್ಲವ ನರಸಿಂಹವರ್ಮನದು. ಮೊಮ್ಮಗಳ ಮುಖ ಸಿಂಡರಿಸುತ್ತದೆ. "ನಮ್ಮ ಊರಿನ ಕಲ್ಲಿನ ಮೇಲೆ ಅವನ್ಯಾಕೆ ಬರೆದ?" ಉತ್ತರ ಪಟ್ಟದಕಲ್ಲಿನಲ್ಲಿದೆ, ನಡೆ ಎನ್ನುತ್ತೇನೆ.

ದಾರಿಯುದ್ದಕ್ಕೂ ಜೋಳದ ಹೊಲ. ಗುಡಿಗಳ ಹೊರಗೆ ಬುಟ್ಟಿ ಇಟ್ಟು ಕುಳಿತ ಹೆಂಗಸು, "ಬರ್ರಿ ಅಮ್ಮಾರ, ಕೂಸಿಗೆ ರೊಟ್ಟಿ ಕೊಡಸ್ರಿ" ಎಂದು ಕರೆಯುತ್ತಾಳೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕುಡಿಕೆಯ ಗಟ್ಟಿ ಮೊಸರು. ಪಕ್ಕದಲ್ಲೇ ಮಲಪ್ರಭೆ ಉತ್ತರಕ್ಕೆ ಮುಖ ಮಾಡಿ ಹರಿಯುತ್ತಾಳೆ. ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ಶಿಖರ, ಎರಡೂ ಒಂದೇ ಅಂಗಳದಲ್ಲಿ ಅಕ್ಕಪಕ್ಕ ನಿಂತಿವೆ.

ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಇಮ್ಮಡಿ ವಿಕ್ರಮಾದಿತ್ಯ ಅದೇ ಪಲ್ಲವರ ಕಂಚಿ ಗೆದ್ದ ನೆನಪಿಗೆ. ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಇಲ್ಲಿನ ಶಾಸನದಲ್ಲಿದೆ. ರಾಜರಾಣಿಯರ ಸಾಲಿನಲ್ಲೇ ಕೆಲಸಗಾರನ ಹೆಸರು! ನನಗೆ ಈ ಗುಡಿಯ ಮೇಲೆ ಇಷ್ಟು ಅಕ್ಕರೆ ಅದಕ್ಕೇ. ಮೊಮ್ಮಗಳು ಗೋಡೆಗೆ ಮುಖ ತಂದು, ದುಂಡು ದುಂಡಾದ ಹಳಗನ್ನಡ ಅಕ್ಷರಗಳ ಆಕಾರವನ್ನು ಗಾಳಿಯಲ್ಲಿ ಬರೆಯುತ್ತಾಳೆ.

"ಕಂಚಿ ಗೆದ್ದು ಲೂಟಿ ಮಾಡಿದನಾ?"

ಇಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಆ ಮಾತನ್ನು ಗುಡಿಯ ಕಂಬದ ಮೇಲೆ ಕನ್ನಡದಲ್ಲೇ ಕೆತ್ತಿಸಿದ.

"ಕಂಚಿಯಲ್ಲಿ ಕನ್ನಡ?" ಅವಳ ಕಣ್ಣು ಅಗಲವಾಗುತ್ತದೆ. ಬಸ್ಸು ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿನ ದಾರಿ, ಆ ಕಂಬ ಗುಡಿಯ ಯಾವ ಕಡೆಗಿದೆ ಎಂದು ಒಂದೇ ಉಸಿರಿಗೆ ಕೇಳತೊಡಗುತ್ತಾಳೆ.