ಹಾಡಿದವರ ಮನೆಗಳು

ಊರಿಗೆ ಊರೇ ಹಾಡುತ್ತಿತ್ತೆಂದರೆ ಕವಿಯ ಉತ್ಪ್ರೇಕ್ಷೆಯೆಂದು ನೀವು ನಕ್ಕೀರಿ. ಆದರೆ ಅಮೆರಿಕದ ಡೆಟ್ರಾಯಿಟ್ ನಗರದ ಮಟ್ಟಿಗೆ ಆ ಮಾತು ಬಹುಪಾಲು ನಿಜ. ಮೋಟಾರು ಕಾರುಗಳಿಗೆ ಹೆಸರಾದ ಆ ಊರು 1960ರ ದಶಕದಲ್ಲಿ ‘ಸೋಲ್’ ಸಂಗೀತಕ್ಕೂ ತೌರುಮನೆಯಾಯಿತು. ಸೋಲ್ ಎಂದರೆ ಅವರ ಭಾಷೆಯಲ್ಲಿ ಆತ್ಮ; ನಮ್ಮ ಸೋಲಿಗೂ ಅದಕ್ಕೂ ನಂಟಿಲ್ಲ. ಕಪ್ಪು ಜನರ ಚರ್ಚುಗಳಲ್ಲಿ ದೇವರನ್ನು ಕುರಿತು ಮೊರೆಯಿಡುತ್ತಿದ್ದ ಕಂಠವೇ ಲೌಕಿಕದ ಪ್ರೇಮ ವಿರಹಗಳಿಗೆ ಒಲಿದುದರ ಫಲ ಅದು.

2019ರ ಬೇಸಗೆಯಲ್ಲಿ ಮಗಳ ಮನೆಯಲ್ಲಿದ್ದಾಗ ಆ ಹಾಡುಗಾರರು ಬಾಳಿದ ಮನೆಗಳನ್ನು ನೋಡಬೇಕೆಂಬ ಹಂಬಲ ನನಗೆ ಹತ್ತಿತು. ಅಳಿಯಂದಿರು ಕೂಡಿಹಾಕಿದ್ದ ಹಳೆಯ ಗ್ರಾಮಫೋನ್ ತಟ್ಟೆಗಳೇ ಇದಕ್ಕೆ ಕಾರಣ. “ಬಂದವರೆಲ್ಲ ನಯಾಗರ ನೋಡಬೇಕೆನ್ನುತ್ತಾರೆ, ನೀವು ಯಾರದೋ ಹಳೆಯ ಮನೆ ಕೇಳುತ್ತೀರಲ್ಲ ಅತ್ತೆ!” ಎಂದು ನಕ್ಕರೂ, ಎರಡು ಶನಿವಾರ ಕಾರು ನಡೆಸಿದವರು ಅವರೇ.

ಮೊದಲ ಮನೆಯನ್ನು ಹುಡುಕುವ ಶ್ರಮವೇ ಇರಲಿಲ್ಲ. ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡಿನ 2648ನೆಯ ನಂಬರಿನ ಮನೆಯ ಮುಂದೆ ಜನರ ಸಾಲೇ ನಿಂತಿತ್ತು. ಕಾರಿನ ಕಾರ್ಖಾನೆಯಲ್ಲಿ ದುಡಿದಿದ್ದ ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರ ಕೂಡುಗಂಟಿನಿಂದ 800 ಡಾಲರ್ ಸಾಲ ಪಡೆದು ಹಾಡಿನ ಕಂಪನಿ ತೆರೆದ. ಅದೇ ವರ್ಷ ಕೊಂಡ ಈ ಮನೆಯಲ್ಲಿ ಮಹಡಿಯ ಮೇಲೆ ಸಂಸಾರ, ಕೆಳಗೆ ಕಚೇರಿ, ಹಿಂಭಾಗದಲ್ಲಿ ಧ್ವನಿಮುದ್ರಣ. ಮೋಟೌನ್ ಎಂಬ ಹೆಸರಿನಿಂದ ಲೋಕ ಬಲ್ಲ ಹಾಡುಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. 1972ರಲ್ಲಿ ಕಂಪನಿ ಲಾಸ್ ಏಂಜಲೀಸಿಗೆ ಹೊರಟುಹೋಯಿತು. 1985ರಲ್ಲಿ ಗಾರ್ಡಿಯ ಅಕ್ಕ ಎಸ್ತರ್ ಈ ಮನೆಯನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಚೆನ್ನಾಗಿ ಇಟ್ಟಿದ್ದಾರೆ, ಅದನ್ನು ವರ್ಣಿಸುವವರು ಬೇಕಾದಷ್ಟು ಮಂದಿ ಇದ್ದಾರೆ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ನಾರ್ತ್ ಎಂಡ್ ಎಂಬ ಬಡಾವಣೆ. ಅಲ್ಲಿನ ಬೆಲ್ಮಾಂಟ್ ಬೀದಿಯಲ್ಲಿ ಸ್ಮೋಕಿ ರಾಬಿನ್ಸನ್ ಬೆಳೆದ. ಅದೇ ಬೀದಿಯಲ್ಲಿ ಕೆಲಕಾಲ ಡಯಾನಾ ರಾಸ್ ಇದ್ದಳು. ಪಾದ್ರಿ ಸಿ. ಎಲ್. ಫ್ರಾಂಕ್ಲಿನ್ನರ ಸಂಸಾರ ಅಲ್ಲಿಗೆ ಸಮೀಪದಲ್ಲಿತ್ತು. ಅವರ ಮಗ ಸೆಸಿಲ್, ಸ್ಮೋಕಿಗೆ ಬಾಲ್ಯದ ಗೆಳೆಯ. ಆ ಮನೆಗೆ ಹೋದಾಗ ಒಳಕೋಣೆಯಲ್ಲಿ ಗೆಳೆಯನ ಪುಟ್ಟ ತಂಗಿ ಪಿಯಾನೋ ನುಡಿಸುತ್ತಿದ್ದುದನ್ನು ಸ್ಮೋಕಿ ಮುಂದೆ ಎಷ್ಟೋ ಸಲ ನೆನೆದಿದ್ದಾನೆ. ಆ ತಂಗಿಯೇ ಅರೀಥಾ ಫ್ರಾಂಕ್ಲಿನ್.

ಇಷ್ಟು ಪ್ರತಿಭೆ ಇಷ್ಟು ಹತ್ತಿರದಲ್ಲಿ ನೆರೆದದ್ದು ದೈವಯೋಗವೆನಿಸಬಹುದು. ಆದರೆ ದೈವದ ಜೊತೆಗೆ ಕ್ರಯಪತ್ರಗಳ ಕೈವಾಡವೂ ಇತ್ತು. ಬಿಳಿಯರಲ್ಲದವರು ಈ ಮನೆಯಲ್ಲಿ ವಾಸಿಸಕೂಡದೆಂಬ ಕರಾರು ಆ ಊರಿನ ಎಷ್ಟೋ ಬೀದಿಗಳ ಪತ್ರಗಳಲ್ಲಿತ್ತು. ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಅಲ್ಲಿಯ ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪಿತ್ತಿತು. ಆಗ ವಿಚಾರಣೆಗೆ ಬಂದಿದ್ದ ದಾವೆಗಳಲ್ಲೊಂದು ಡೆಟ್ರಾಯಿಟಿನದೇ. ತೀರ್ಪು ಬಂದರೂ ಜನರ ಮನಸ್ಸು ಬೇಗ ಬದಲಾಗಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಯ ಮನೆ ಕೇಳಲು ಹೋಗಿ “ನೀವು ಯಾವ ಜನ?” ಎಂಬ ಪ್ರಶ್ನೆಗೆ ಉತ್ತರ ಹೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮುಂದೆ ಬ್ರೂಸ್ಟರ್ ವಸತಿಗಳನ್ನು ಕೇಳಿದೆ. ಕಪ್ಪು ಜನರಿಗಾಗಿ ಸರ್ಕಾರ ಕಟ್ಟಿಸಿದ ಮನೆಗಳವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಪತ್ನಿಯೇ ಬಂದು ಕೆಲಸಕ್ಕೆ ಆರಂಭ ಮಾಡಿದ್ದರು. ಫ್ಲಾರೆನ್ಸ್ ಬಲ್ಲಾರ್ಡ್, ಮೇರಿ ವಿಲ್ಸನ್, ಡಯಾನಾ ರಾಸ್ ಎಂಬ ಮೂವರು ಹುಡುಗಿಯರು ಒಟ್ಟುಗೂಡಿ ಹಾಡಿದ್ದು ಅಲ್ಲಿ. ಅವರೇ ಮುಂದೆ ‘ಸುಪ್ರೀಮ್ಸ್’ ಎಂದು ಖ್ಯಾತರಾದವರು. “ಅಲ್ಲಿ ಏನೂ ಇಲ್ಲ ಅತ್ತೆ” ಎಂದರು ಅಳಿಯಂದಿರು. ನಿಜವೇ. ಕೊನೆಗುಳಿದಿದ್ದ ಎತ್ತರದ ಕಟ್ಟಡಗಳನ್ನೂ 2014ರ ವೇಳೆಗೆ ಕೆಡವಿದ್ದರು. ನಾವು ಕಂಡದ್ದು ಹುಲ್ಲುಬಯಲು, ಪಕ್ಕದಲ್ಲಿ ಮೊರೆಯುವ ಹೆದ್ದಾರಿ. ಫ್ರಾಂಕ್ಲಿನ್ನರ ಚರ್ಚೂ ನೂರಾರು ಅಂಗಡಿಗಳೂ ಇದ್ದ ಹೇಸ್ಟಿಂಗ್ಸ್ ಬೀದಿಯ ಬಹುಭಾಗವನ್ನು ನುಂಗಿದ್ದು ಅದೇ ಹೆದ್ದಾರಿ. ಬಯಲಿಗೆ ನಮಸ್ಕಾರ ಮಾಡುವುದು ಹೇಗೆಂದು ತೋಚದೆ ಸುಮ್ಮನೆ ನಿಂತಿದ್ದೆ.

ಹಣ ಬಂದ ಮೇಲೆ, 1965ರಲ್ಲಿ, ಆ ಮೂವರೂ ಬ್ಯೂನಾ ವಿಸ್ಟಾ ಎಂಬ ಒಂದೇ ಬೀದಿಯಲ್ಲಿ ಮನೆ ಕೊಂಡರು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿಯರು! ಗೆಳತಿಯರು ನೆರೆಹೊರೆಯಲ್ಲಿರಬೇಕೆಂಬ ಆಸೆ ಎಲ್ಲ ದೇಶದಲ್ಲೂ ಒಂದೇ. ಆದರೆ ತಂಡವನ್ನು ಮೊದಲು ಕಟ್ಟಿದವಳೆನಿಸಿದ ಫ್ಲಾರೆನ್ಸಳನ್ನು 1967ರಲ್ಲಿ ತಂಡದಿಂದ ಬಿಡಿಸಲಾಯಿತು. ಸಾಲ ತೀರಿಸಲಾಗದೆ ಆ ಮನೆಯೂ ಆಕೆಯ ಕೈಬಿಟ್ಟಿತು. 1976ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಾಗ ವಯಸ್ಸು ಕೇವಲ 32.

ಇಟ್ಟಿಗೆಯ ಎರಡಂತಸ್ತಿನ ಮನೆಗಳು, ಅಚ್ಚುಕಟ್ಟಾದ ಹುಲ್ಲಿನ ಅಂಗಳ. ಮಧ್ಯಮವರ್ಗದವರ ಮರ್ಯಾದಸ್ಥ ಬೀದಿ. ಕಾರಿನಿಂದ ಇಳಿಯಲು ಅಳಿಯಂದಿರು ಬಿಡಲಿಲ್ಲ. ಯಾರದೋ ವಾಸದ ಮನೆಯ ಮುಂದೆ ನಿಂತು ದಿಟ್ಟಿಸುವುದು ಸಭ್ಯತೆಯಲ್ಲವೆಂದರು. ಅದೂ ಸರಿಯೇ. ಮರಳುವಾಗ ಅವರು ಆ ಮೂವರ ಹಾಡೊಂದನ್ನು ಹಾಕಿದರು. ಡಯಾನಾಳ ದನಿಯನ್ನು ಈಗ ನಾನೂ ಗುರುತಿಸಬಲ್ಲೆ.

“ಇದರಲ್ಲಿ ಫ್ಲಾರೆನ್ಸಳದು ಯಾವುದು?” ಎಂದು ಕೇಳಿದೆ.

“ಹಿಂದೆ ಹಾಡುತ್ತಿರುವ ಇಬ್ಬರಲ್ಲಿ ಗಟ್ಟಿಯಾಗಿರುವುದು” ಎಂದು ಅವರು ಸ್ವರವನ್ನು ಸ್ವಲ್ಪ ಏರಿಸಿದರು.