ಟೈಮ್ ಮೆಷಿನ್ ಮತ್ತು ಮಂಕಿ ಕ್ಯಾಪ್

ನನ್ನ ಜೊತೆ ಕೂತು ಸಿನಿಮಾ ನೋಡೋದು ಕಷ್ಟ ಅಂತ ನಮ್ಮ ಹಾಸ್ಟೆಲ್ ಫ್ಲೋರಿನಲ್ಲಿ ಎಲ್ಲರಿಗೂ ಗೊತ್ತು. ಹೀರೋ ಅಳ್ತಾ ಇರ್ತಾನೆ, ಹೀರೋಯಿನ್ ರೈಲು ಹತ್ತುತಾ ಇರ್ತಾಳೆ, ನಾನು ಮಾತ್ರ ಸ್ಪೇಸ್‌ಬಾರ್ ಒತ್ತಿ, "ಏ ನೋಡ್ರೋ, ಹಿಂದಿನ ಶಾಟಲ್ಲಿ ಕಾಫಿ ಲೋಟ ತುಂಬಿತ್ತು, ಈಗ ಅರ್ಧ ಆಗಿದೆ. ಯಾರೂ ಕುಡಿದೇ ಇಲ್ಲ!" ಅಂತೀನಿ. ಆಮೇಲೆ ಎಲ್ಲಿಂದಲೋ ಒಂದು ದಿಂಬು ಹಾರಿ ಬರುತ್ತೆ.

ಇಂಥ ತಪ್ಪಿಗೆ ಕಂಟಿನ್ಯುಟಿ ಎರರ್ ಅಂತಾರೆ. ಸಿನಿಮಾವನ್ನ ಕತೆಯ ಕ್ರಮದಲ್ಲಿ ಶೂಟ್ ಮಾಡೋದು ಕಡಿಮೆ. ಜಾಗ, ಬೆಳಕು, ನಟರ ಡೇಟ್ಸ್ ನೋಡಿಕೊಂಡು ಹಿಂದುಮುಂದಾಗಿ ಮಾಡ್ತಾರೆ. ಹೀರೋ ಬಾಗಿಲು ತಟ್ಟೋದು ಇವತ್ತು, ಅದೇ ಬಾಗಿಲು ದಾಟಿ ಒಳಗೆ ಬರೋದು ಮೂರು ವಾರ ಆದಮೇಲೆ. ಆ ಮೂರು ವಾರದಲ್ಲಿ ಅವನ ಗಡ್ಡ ಬೆಳೆದಿರಬಾರದು, ಶರ್ಟಿನ ಗುಂಡಿ ಬದಲಾಗಿರಬಾರದು. ಇದನ್ನ ಬರೆದಿಟ್ಟುಕೊಂಡು, ಫೋಟೋ ತೆಗೆದಿಟ್ಟುಕೊಂಡು ಕಾಯೋದಕ್ಕೇ ಸ್ಕ್ರಿಪ್ಟ್ ಸೂಪರ್‌ವೈಸರ್ ಅಂತ ಒಬ್ಬರು ಇರ್ತಾರೆ. ಸಿನಿಮಾ ಚೆನ್ನಾಗಿದ್ದರೆ ಅವರ ಹೆಸರು ಯಾರಿಗೂ ಗೊತ್ತಾಗಲ್ಲ. ಲೋಟ ಬದಲಾದರೆ ಮಾತ್ರ ನನ್ನಂಥವನ ಕೈಗೆ ಸಿಕ್ಕಿಬೀಳ್ತಾರೆ.

ಎರಡನೇ ಸೆಮ್‌ನಲ್ಲಿ ನನ್ನ ರೂಮ್‌ಮೇಟ್ ಲ್ಯಾಪ್‌ಟಾಪಲ್ಲಿ 'ಬ್ಯಾಕ್ ಟು ದಿ ಫ್ಯೂಚರ್' ನೋಡಿದ್ವಿ. 1985ರ ಸಿನಿಮಾ, ರಾಬರ್ಟ್ ಜೆಮೆಕಿಸ್ ನಿರ್ದೇಶನ. ಮಾರ್ಟಿ ಅನ್ನೋ ಹುಡುಗ ಡೆಲೋರಿಯನ್ ಕಾರಲ್ಲಿ ಗಂಟೆಗೆ 88 ಮೈಲಿ ವೇಗ ಮುಟ್ಟಿ 1985ರಿಂದ 1955ಕ್ಕೆ ಹೋಗಿ ಬೀಳ್ತಾನೆ. ನಮ್ಮ ಲೆಕ್ಕದಲ್ಲಿ ಸುಮಾರು 142 ಕಿಲೋಮೀಟರ್. ಮಜಾ ಅಂದ್ರೆ, ಆಗಿನ ಡೆಲೋರಿಯನ್ ಕಾರಿನ ಸ್ಪೀಡೊಮೀಟರ್ 85 ಮೈಲಿಗೇ ಮುಗಿದುಹೋಗ್ತಿತ್ತು. ಸಿನಿಮಾಗೋಸ್ಕರ ಅದನ್ನ ಬದಲಾಯಿಸಬೇಕಾಯ್ತು.

ನಾನು ಎಂದಿನಂತೆ ಎಕ್ಸೆಲ್ ಶೀಟ್ ತೆರೆದು ಕೂತಿದ್ದೆ. ಹೌದು, ನನ್ನ ಹತ್ರ ಎಕ್ಸೆಲ್ ಶೀಟ್ ಇದೆ. ಸಿನಿಮಾ ಹೆಸರು, ಟೈಮ್, ತಪ್ಪು ಏನು. ಮೊದಲ ಬೇಟೆ ಗಿಟಾರ್. ಮಾರ್ಟಿ 1955ರ ಡ್ಯಾನ್ಸ್ ಪಾರ್ಟಿಯಲ್ಲಿ ನುಡಿಸೋ ಆ ಕೆಂಪು ಗಿಬ್ಸನ್ ಗಿಟಾರ್‌ನ ಮಾಡೆಲ್ 1955ರಲ್ಲಿ ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ. ಆ ದಶಕದ ಕೊನೆಯಲ್ಲಿ ಬಂದದ್ದು. ಬರ್ಕೊಂಡೆ. ಎರಡನೇ ಬೇಟೆ ಇನ್ನೂ ದೊಡ್ಡದು. ಸಿನಿಮಾ ಶುರುವಿನಲ್ಲಿ ಟೈಮ್ ಮೆಷಿನ್ ಟೆಸ್ಟ್ ನಡೆಯೋ ಮಾಲ್‌ನ ಹೆಸರು 'ಟ್ವಿನ್ ಪೈನ್ಸ್ ಮಾಲ್', ಅಂದ್ರೆ ಜೋಡಿ ಪೈನ್ ಮರದ ಮಾಲ್. ಕೊನೆಗೆ ಮಾರ್ಟಿ ವಾಪಸ್ ಬಂದಾಗ ಅದೇ ಬೋರ್ಡಿನಲ್ಲಿ 'ಲೋನ್ ಪೈನ್ ಮಾಲ್' ಅಂತಿದೆ. ಒಂಟಿ ಮರ!

"ಸಿಕ್ಕಿಬಿದ್ರು ನೋಡು! ಬೋರ್ಡನ್ನೇ ತಪ್ಪು ಹಾಕಿದ್ದಾರೆ!" ಅಂತ ಕೂಗಿದೆ.

ರೂಮ್‌ಮೇಟ್ ಚಕ್ಕುಲಿ ತಿಂತಾ ಇದ್ದವನು ಮಾತಾಡದೆ ಸಿನಿಮಾವನ್ನ ಹಿಂದಕ್ಕೆ ಎಳೆದ. 1955ಕ್ಕೆ ಬಂದಿಳಿದ ಮಾರ್ಟಿ ಗಾಬರಿಯಲ್ಲಿ ಒಬ್ಬ ರೈತನ ಹೊಲದಿಂದ ಕಾರು ಓಡಿಸಿಕೊಂಡು ಹೋಗ್ತಾನೆ. ಹೋಗೋವಾಗ ಎರಡು ಪೈನ್ ಸಸಿಗಳಲ್ಲಿ ಒಂದನ್ನ ಗುದ್ದಿ ಉರುಳಿಸ್ತಾನೆ. ಆ ಹೊಲದಲ್ಲೇ ಮುಂದೆ ಮಾಲ್ ಬರೋದು. "ಒಂದು ಮರ ಸತ್ತೋಯ್ತಲ್ಲಪ್ಪಾ. ಇನ್ನೆಲ್ಲಿ ಜೋಡಿ?" ಅಂದ.

ಆಮೇಲೆ ಅವನೇ ಇನ್ನೊಂದು ತೋರಿಸಿದ. ಊರಿನ ಗಡಿಯಾರದ ಗೋಪುರದ ಕೆಳಗಿನ ಅಂಚು ಸಿನಿಮಾ ಶುರುವಿನಲ್ಲಿ ಸರಿಯಾಗೇ ಇದೆ. 1955ರ ನವೆಂಬರ್ 12ರ ರಾತ್ರಿ ಸಿಡಿಲು ಬಡಿಯೋ ಮುಂಚೆ ಡಾಕ್ ಅದರ ಮೇಲೆ ನಿಂತಾಗ ಒಂದು ತುಂಡು ಮುರಿದು ಬೀಳುತ್ತೆ. ಮಾರ್ಟಿ ವಾಪಸ್ ಬಂದ 1985ರಲ್ಲಿ ಆ ಅಂಚು ಮುರಿದೇ ಇದೆ. ನಾನು ತಪ್ಪು ಅಂದ್ಕೊಂಡದ್ದೇ ಆ ಸಿನಿಮಾದ ಕತೆ. ಮೊದಲು ಹೀಗಿತ್ತು, ಈಗ ಹೀಗಿಲ್ಲ ಅಂದ್ರೆ ನಡುವೆ ಏನೋ ಆಗಿದೆ. ಏನಾಯ್ತು ಅಂತ ಕೇಳಬೇಕಿತ್ತು. ನಾನು ಕೇಳದೆ ಶೀಟಲ್ಲಿ ಬರ್ಕೊಂಡಿದ್ದೆ.

ಅವತ್ತು ಆ ಸಾಲು ಅಳಿಸಿದೆ. ಪಾಠ ಕಲಿತೆ ಅಂತ ಅಂದ್ಕೊಂಡೆ. ಕಲಿತಿರಲಿಲ್ಲ.

ನಾಲ್ಕನೇ ಸೆಮ್‌ನಲ್ಲಿ ಡಿಪಾರ್ಟ್‌ಮೆಂಟ್ ಫೆಸ್ಟಿಗೆ ನಾವೇ ಒಂದು ಶಾರ್ಟ್ ಫಿಲ್ಮ್ ಮಾಡೋಣ ಅಂತ ಹೊರಟ್ವಿ. 12 ನಿಮಿಷದ ಸೈನ್ಸ್ ಫಿಕ್ಷನ್. ಎಂ-3 ಬ್ಯಾಕ್‌ಲಾಗ್ ಇರೋ ಹುಡುಗನೊಬ್ಬ ಟೈಮ್ ಮೆಷಿನ್ ಹತ್ತಿ ಪರೀಕ್ಷೆಯ ಹಿಂದಿನ ವಾರಕ್ಕೆ ಹೋಗ್ತಾನೆ, ಅಲ್ಲೂ ಓದದೆ ಮಲಗಿಬಿಡ್ತಾನೆ. ಸ್ಕ್ರಿಪ್ಟಲ್ಲಿ ಕಲ್ಪನೆಗಿಂತ ಅನುಭವ ಜಾಸ್ತಿ ಇತ್ತು. ಹಾಸ್ಟೆಲ್ ಹಿಂದಿನ ಪಂಪ್‌ಹೌಸ್ ನಮ್ಮ ಪ್ರಯೋಗಾಲಯ. ಗುಜರಿಯಿಂದ ತಂದ ಸ್ಟೀಲ್ ಬೀರುವಿಗೆ ಎಲ್‌ಇಡಿ ಪಟ್ಟಿ ಅಂಟಿಸಿ, ಆರ್ಡುಯಿನೋದಲ್ಲಿ ಮಿನುಗಿಸಿದ್ದು ನಮ್ಮ ಟೈಮ್ ಮೆಷಿನ್. ಹೀರೋ ನನ್ನ ರೂಮ್‌ಮೇಟ್. ಕಂಟಿನ್ಯುಟಿ ಯಾರು ಅಂತ ಕೇಳೋದೇ ಬೇಡ, ಎಲ್ಲರೂ ನನ್ನ ಕಡೆ ನೋಡಿದ್ರು.

ನಾನು ಆ ಕೆಲಸವನ್ನ ಸಿಕ್ಕಾಪಟ್ಟೆ ಸೀರಿಯಸ್ಸಾಗಿ ತಗೊಂಡೆ. ಪ್ರತಿ ಶಾಟಿಗೂ ಮುಂದಿನಿಂದ, ಪಕ್ಕದಿಂದ ಫೋಟೋ. ತೋಳು ಎಷ್ಟು ಮಡಿಚಿದ್ದಾನೆ, ವಾಚ್ ಯಾವ ಕೈಯಲ್ಲಿದೆ, ಬೈತಲೆ ಯಾವ ಕಡೆ, ಎಲ್ಲಾ ಶೀಟಲ್ಲಿ. ಮೂರನೇ ಶನಿವಾರ ಮಧ್ಯಾಹ್ನ ಹೀರೋ ಬೀರು ಒಳಗೆ ಹೋಗೋ ದೃಶ್ಯ ತೆಗೀತಾ ಇದ್ವಿ. ಅವನಿಗೆ ಊರಿಂದ ಫೋನ್ ಬಂತು. ಮಾತಾಡಿ ಬಂದು, "ಅಪ್ಪಂಗೆ ಹುಷಾರಿಲ್ವಂತೆ ಕಣೋ. ಚಿಕ್ಕಪ್ಪ ಬೇಗ ಹೊರಟು ಬಾ ಅಂತಿದ್ದಾರೆ. ನಾಲ್ಕೂವರೆ ಬಸ್ ಹಿಡೀತೀನಿ" ಅಂದ.

ನಾನು ಶೀಟ್ ನೋಡಿದೆ. ಕಿಟಕಿಯಿಂದ ಬೀಳೋ ಬಿಸಿಲು ಗೋಡೆಯ ಮೇಲೆ ಸರಿಯಾದ ಜಾಗದಲ್ಲಿತ್ತು. ಇವತ್ತು ಬಿಟ್ಟರೆ ಅದು ಮತ್ತೆ ಹೊಂದಲ್ಲ.

"ಎರಡೇ ಶಾಟ್ ಮಗಾ. ಮುಗಿಸಿ ಹೋಗು. ಕಂಟಿನ್ಯುಟಿ ಹಾಳಾಗುತ್ತೆ" ಅಂದೆ.

ಅವನು ಒಂದು ಕ್ಷಣ ನಿಂತ. "ಸರಿ, ಬೇಗ" ಅಂದ. ಎರಡು ಶಾಟಿಗೆ ನಲವತ್ತು ನಿಮಿಷ ಹಿಡೀತು. ನಾಲ್ಕೂವರೆ ಬಸ್ ಹೋಗಿತ್ತು. ಕಾಸ್ಟ್ಯೂಮ್ ಶರ್ಟಲ್ಲೇ ಆರು ಗಂಟೆ ಬಸ್ ಹತ್ತಿದ. ರಾತ್ರಿ ಅವರ ಚಿಕ್ಕಪ್ಪನ ಮಗ ಮೆಸೇಜ್ ಹಾಕಿದ. ಅಪ್ಪ ಹೋಗಿಬಿಟ್ಟಿದ್ದರು.

ತಿಥಿ ಮುಗಿಸಿಕೊಂಡು ಅವನು ವಾಪಸ್ ಬಂದಾಗ ಫೆಸ್ಟಿಗೆ ನಾಲ್ಕು ದಿನ ಉಳಿದಿತ್ತು. ತಲೆ ಬೋಳಿಸಿದ್ದರು. ಬಾಗಿಲಲ್ಲಿ ನಿಂತಿದ್ದ ಅವನನ್ನ ನೋಡಿ ಏನು ಮಾತಾಡಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಡೈರೆಕ್ಟರ್, "ಫಿಲ್ಮ್ ಬಿಡಪ್ಪಾ, ಮುಂದಿನ ವರ್ಷ ನೋಡ್ಕೊಳ್ಳೋಣ" ಅಂದ. ಇವನೇ, "ಇಲ್ಲ, ಮುಗಿಸೋಣ. ರೂಮಲ್ಲಿ ಸುಮ್ನೆ ಕೂತ್ರೆ ಕಷ್ಟ ಆಗುತ್ತೆ" ಅಂದ.

ಬಾಕಿ ಇದ್ದದ್ದು ಹೀರೋ ಬೀರುವಿನಿಂದ ಹೊರಗೆ ಬರೋ ದೃಶ್ಯ, ಮತ್ತೆ ಪ್ರೊಫೆಸರ್ ಜೊತೆಗಿನ ಸಂಭಾಷಣೆಯಲ್ಲಿ ಅವನ ಕ್ಲೋಸಪ್‌ಗಳು. ಯಾರೋ ನಾಟಕದವರ ಹತ್ರ ಒಂದು ವಿಗ್ ತಂದ್ರು. ಹೆಗಲವರೆಗೆ ಇಳಿಬಿದ್ದ ಗುಂಗುರು ಕೂದಲಿನ ಪೌರಾಣಿಕ ವಿಗ್. ಅದನ್ನ ಹಾಕ್ಕೊಂಡು ಕನ್ನಡಿ ನೋಡಿ ಅವನು ನಕ್ಕ. ಊರಿಂದ ಬಂದಮೇಲೆ ಮೊದಲ ಸಲ. ಕೊನೆಗೆ ನನ್ನ ಹತ್ರ ಇದ್ದ ಕಂದು ಬಣ್ಣದ ಮಂಕಿ ಕ್ಯಾಪ್ ಹಾಕಿಸಿದ್ವಿ. ಏಪ್ರಿಲ್ ಬಿಸಿಲಲ್ಲಿ ಮಂಕಿ ಕ್ಯಾಪ್.

ಆ ಸಂಭಾಷಣೆಯಲ್ಲಿ ಅರ್ಧ ಶಾಟ್ ಮೊದಲೇ ತೆಗೆದದ್ದು, ಅರ್ಧ ಆಮೇಲಿನದು. ಹಾಗಾಗಿ ಒಂದೇ ಮಾತುಕತೆಯಲ್ಲಿ ಅವನ ತಲೆ ಮೇಲೆ ಕ್ಯಾಪ್ ಮೂರು ಸಲ ಬಂದು ಮೂರು ಸಲ ಹೋಗುತ್ತೆ. ಫೆಸ್ಟಲ್ಲಿ ಮೊದಲ ಸಲ ಕ್ಯಾಪ್ ಬಂದಾಗ ಸ್ವಲ್ಪ ನಗು ಎದ್ದಿತು. ಎರಡನೇ ಸಲ ಇಡೀ ಸೆಮಿನಾರ್ ಹಾಲ್ ನಕ್ಕಿತು. ಒಂದು ಶಾಟಲ್ಲಿ ಕ್ಯಾಪ್ ಸ್ವಲ್ಪ ಜಾರಿ ಕಿವಿಯ ಮೇಲಿನ ಬೋಳು ಭಾಗ ಕಾಣಿಸಿತು. ಹಿಂದಿನ ಬೆಂಚಿಂದ ಯಾರೋ, "ಟೈಮ್ ಮೆಷಿನ್ ಒಳಗೆ ಸಲೂನ್ ಬೇರೆ ಇದ್ಯೇನ್ರೋ!" ಅಂತ ಕೂಗಿದ. ನಿಜ ಹೇಳ್ತೀನಿ, ಬೇರೆ ಯಾರದ್ದೋ ಫಿಲ್ಮ್ ಆಗಿದ್ದಿದ್ರೆ ಆ ಡೈಲಾಗ್ ನಾನೇ ಹೊಡೀತಿದ್ದೆ.

ಕೊನೆಯಲ್ಲಿ ಜಡ್ಜ್ ಆಗಿ ಬಂದಿದ್ದವರು ಮೈಕ್ ತಗೊಂಡು ನಗುನಗುತ್ತಲೇ, "ಕಂಟಿನ್ಯುಟಿ ಯಾರಪ್ಪಾ ನೋಡ್ಕೊಂಡಿದ್ದು?" ಅಂತ ಕೇಳಿದ್ರು. ನಾನು ಎದ್ದು ನಿಂತೆ. ಕಾರಣ ಹೇಳೋಣ ಅಂತ ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಅವನು ನನ್ನ ಶರ್ಟಿನ ತುದಿ ಹಿಡಿದು ಎಳೆದು, "ಹೇಳ್ಬೇಡ" ಅಂದ. "ಮಿಸ್ ಆಯ್ತು ಸರ್" ಅಂತ ಹೇಳಿ ಕೂತೆ. ಇನ್ನೊಂದು ಸಲ ನಗು.

ಬೇಸಿಗೆ ರಜೆ ಮುಗಿಸಿ ಬಂದಮೇಲೆ ಒಂದು ಭಾನುವಾರ ಇಬ್ಬರೂ 'ಬ್ಯಾಕ್ ಟು ದಿ ಫ್ಯೂಚರ್'ನ ಎರಡನೇ ಭಾಗ ಹಾಕಿದ್ವಿ. 1989ರದ್ದು. ಮೊದಲ ಭಾಗ ಎಲ್ಲಿ ಮುಗಿಯುತ್ತೋ ಅದೇ ದೃಶ್ಯದಿಂದ ಇದು ಶುರುವಾಗುತ್ತೆ. ಮಾರ್ಟಿ, ಅವನ ಹುಡುಗಿ ಜೆನಿಫರ್, ಓಡಿ ಬರೋ ಡಾಕ್. ಆದರೆ ಜೆನಿಫರ್‌ಳ ಮುಖವೇ ಬೇರೆ! ಮೊದಲ ಭಾಗದಲ್ಲಿ ಕ್ಲಾಡಿಯಾ ವೆಲ್ಸ್, ಇಲ್ಲಿ ಎಲಿಸಬೆತ್ ಶೂ. ಹಳೇ ದೃಶ್ಯವನ್ನೇ ಹೊಸ ನಟಿಯನ್ನ ಇಟ್ಟು ಮತ್ತೆ ಶೂಟ್ ಮಾಡಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಡಾಕ್ ಉತ್ತರ ಕೊಡೋ ರೀತಿ ಕೂಡ ಬದಲಾಗಿದೆ. ಮೊದಲಿನದರಲ್ಲಿ ತಟ್ಟನೆ ಉತ್ತರಿಸ್ತಾನೆ, ಇದರಲ್ಲಿ ಸ್ವಲ್ಪ ತಡವರಿಸ್ತಾನೆ.

ಕೈ ತಾನಾಗಿಯೇ ಶೀಟ್ ಕಡೆ ಹೋಯ್ತು. 'ಹೀರೋಯಿನ್ ಬದಲು' ಅಂತ ಟೈಪ್ ಮಾಡಿದೆ. ಆಮೇಲೆ ಯಾಕೋ ತಡೆದು, ಯಾಕೆ ಬದಲಾದ್ರು ಅಂತ ಹುಡುಕಿದೆ. ಕ್ಲಾಡಿಯಾ ವೆಲ್ಸ್ ಅವರ ತಾಯಿಗೆ ಕ್ಯಾನ್ಸರ್ ಅಂತ ಗೊತ್ತಾಗಿತ್ತು. ಅಮ್ಮನ ಜೊತೆ ಇರಬೇಕು ಅಂತ ಅವರು ಆ ಸಿನಿಮಾ ಬೇಡ ಅಂದಿದ್ದರು.

ನಾನು ಅದನ್ನ ಜೋರಾಗಿ ಓದಿದೆ. ರೂಮ್‌ಮೇಟ್ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಆದಮೇಲೆ, "ಪರವಾಗಿಲ್ಲ ಅವರು. ಅವರ ಕಂಟಿನ್ಯುಟಿಯವರು ಎರಡು ಶಾಟ್ ಮುಗಿಸಿ ಹೋಗು ಅನ್ಲಿಲ್ಲ" ಅಂದ.

ತಮಾಷೆಗೇ ಅಂದದ್ದು. ನಾನೂ ನಗೋಕೆ ನೋಡಿದೆ, ಆಗಲಿಲ್ಲ. ಅಷ್ಟು ತಿಂಗಳು ಒಳಗೇ ಇಟ್ಕೊಂಡಿದ್ದನ್ನ ಆಗ ಕೇಳಿದೆ. "ನಾಲ್ಕೂವರೆ ಬಸ್ ಸಿಕ್ಕಿದ್ದಿದ್ರೆ ಅಪ್ಪ ಸಿಗ್ತಿದ್ರಾ?"

"ಇಲ್ಲ ಮಾರಾಯಾ. ಚಿಕ್ಕಪ್ಪ ಫೋನ್ ಮಾಡೋ ಹೊತ್ತಿಗೇ ಹೋಗಿದ್ರು. ದಾರೀಲಿ ಹೆದರ್ಕೋತೀನಿ ಅಂತ ಹುಷಾರಿಲ್ಲ ಅಂದಿದ್ರು ಅಷ್ಟೆ." ಆಮೇಲೆ ಅಂದ, "ಆದ್ರೆ ಅಮ್ಮ ಒಬ್ಬಳೇ ಕೂತಿದ್ಲು. ಒಂದೂವರೆ ಗಂಟೆ ಮುಂಚೆ ಹೋಗಿರ್ತಿದ್ದೆ."

ಲೆಕ್ಕದ ಪ್ರಕಾರ ನನ್ನಿಂದ ಏನೂ ತಪ್ಪಲಿಲ್ಲ. ಆ ಒಂದೂವರೆ ಗಂಟೆ ಮಾತ್ರ ಯಾವ ಲೆಕ್ಕಕ್ಕೂ ಸಿಗೋದಿಲ್ಲ. ಸಿನಿಮಾದಲ್ಲಾದರೆ 88 ಮೈಲಿ ವೇಗ ಮುಟ್ಟಿದ್ರೆ ಸಾಕಿತ್ತು. ಆ ಎರಡು ಶಾಟ್ ನಮ್ಮ ಫಿಲ್ಮಿನಲ್ಲಿ ಈಗಲೂ ಇವೆ. ಬಿಸಿಲು ಸರಿಯಾಗಿದೆ, ವಾಚ್ ಎಡಗೈಯಲ್ಲೇ ಇದೆ, ತೋಳು ಎರಡು ಮಡಿಕೆ. ಇಡೀ ಫಿಲ್ಮಿನಲ್ಲಿ ಒಂದೂ ತಪ್ಪಿಲ್ಲದ ಶಾಟ್‌ಗಳು ಅವೆರಡೇ. ಅವು ಬಂದಾಗ ನಾನು ಸ್ಕ್ರೀನ್ ನೋಡಲ್ಲ. ಮಂಕಿ ಕ್ಯಾಪ್ ಶಾಟ್‌ಗಳು ಪರವಾಗಿಲ್ಲ, ನೋಡ್ತೀನಿ.

ಫಿಲ್ಮನ್ನ ಯೂಟ್ಯೂಬಿಗೆ ಹಾಕೋ ಮುಂಚೆ ಡೈರೆಕ್ಟರ್ ಬಂದು, "ಈಗ ಕೂದಲು ಬೆಳೆದಿದೆಯಲ್ಲ, ಆ ಕ್ಯಾಪ್ ಶಾಟ್‌ಗಳನ್ನ ಮತ್ತೆ ತೆಗೆದುಬಿಡೋಣ. ಅರ್ಧ ದಿನದ ಕೆಲಸ" ಅಂದ. ನಾನು ಹೂಂ ಅನ್ನೋದ್ರಲ್ಲಿದ್ದೆ. ರೂಮ್‌ಮೇಟ್ ಬೇಡ ಅಂದ. "ಇರ್ಲಿ ಬಿಡು. ಆ ತಿಂಗಳು ನಾನು ಹಾಗೇ ಇದ್ದೆ."

ಹಾಗೇ ಹಾಕಿದ್ವಿ. ಕಾಮೆಂಟಲ್ಲಿ ಎಲ್ಲರೂ ಕ್ಯಾಪ್ ಬಗ್ಗೆಯೇ ಕೇಳ್ತಾರೆ. ಕೆಲವಕ್ಕೆ ಅವನೇ ನಗೋ ಎಮೋಜಿ ಹಾಕ್ತಾನೆ.

ನಾನು ಸುಧಾರಿಸಿದ್ದೀನಿ ಅಂತೇನೂ ಅಲ್ಲ. ಈಗಲೂ ಸ್ಪೇಸ್‌ಬಾರ್ ಒತ್ತುತೀನಿ, ದಿಂಬು ಈಗಲೂ ಬರುತ್ತೆ. ಶೀಟಲ್ಲಿ ಮಾತ್ರ ಹೊಸದಾಗಿ ಒಂದು ಕಾಲಮ್ ಸೇರಿಸಿದ್ದೀನಿ: 'ಯಾಕೆ?' ಹೆಚ್ಚಿನ ಸಾಲುಗಳಲ್ಲಿ ಅದು ಖಾಲಿ. ಕಾಫಿ ಲೋಟ ಯಾಕೆ ಅರ್ಧ ಆಯ್ತು ಅಂತ ಎಲ್ಲೂ ಬರೆದಿರಲ್ಲ. ಜೆನಿಫರ್ ಸಾಲಿನಲ್ಲಿ 'ಅಮ್ಮ' ಅಂತಿದೆ. ನಮ್ಮ ಫಿಲ್ಮಿನ ಸಾಲಿನಲ್ಲಿ 'ಅಪ್ಪ' ಅಂತಿದೆ.

ಮುಂದಿನ ತಿಂಗಳು ಹೊಸ ಫಿಲ್ಮ್ ಶುರು. ಕಂಟಿನ್ಯುಟಿ ಮತ್ತೆ ನನ್ನದೇ. ಈ ಸಲ ಶೂಟಿಂಗ್ ಮಧ್ಯೆ ಯಾರಿಗಾದ್ರೂ ಊರಿಂದ ಫೋನ್ ಬಂದ್ರೆ ಬಸ್ ಸ್ಟ್ಯಾಂಡಿಗೆ ಬಿಡೋಕೆ ಬೈಕ್ ಯಾರ ಹತ್ರ ಇದೆ ಅನ್ನೋದನ್ನೂ ಮೊದಲೇ ಬರ್ಕೊಂಡಿದ್ದೀನಿ.